ಕಟ್ಟಿದವರು ಹೋದರು, ಕಾಪಾಡಿದವರು ಇದ್ದಾರೆ

ಮಾನ್ಯ ಸಂಪಾದಕರೇ,

ಪ್ಯಾರಿಸ್ಸಿನ ನೋತ್ರ್ ದಾಮ್ ಬೆಂಕಿಗೆ ಸಿಕ್ಕು ಮತ್ತೆ ಎದ್ದು ನಿಂತ ಬಗೆಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಲೇಖನದ ಕೊನೆಯಲ್ಲಿ ಬೆಂಕಿಗೆ ತುತ್ತಾದ ಬೇರೆ ಕೆಲವು ಚರ್ಚುಗಳ ಚಿಕ್ಕ ಚಿತ್ರಗಳಿದ್ದವು. ಒಂದರ ಕೆಳಗೆ ‘ಟ್ರಿನಿಟಿ ಚಾಪೆಲ್, ನ್ಯೂಯಾರ್ಕ್, 1855’ ಎಂದಷ್ಟೇ ಅಚ್ಚಾಗಿತ್ತು. ಮರುವಾರ ಓದುಗರೊಬ್ಬರು ಪತ್ರ ಬರೆದು, ಅದು ಈಗ ಸರ್ಬಿಯನ್ನರ ಚರ್ಚು ಎಂದು ತಿಳಿಸಿ, ಜೊತೆಗೇ ಒಂದು ಪ್ರಶ್ನೆಯನ್ನೂ ಎತ್ತಿದ್ದರು. ಕಟ್ಟಿಸಿದವರು ಸರ್ಬಿಯನ್ನರಲ್ಲ, ಶೈಲಿ ಇಂಗ್ಲೆಂಡಿನದು, ಒಳಗಿದ್ದುದೆಲ್ಲ 2016ರ ಬೆಂಕಿಯಲ್ಲಿ ಸುಟ್ಟುಹೋಗಿದೆ. ಹಾಗಿರುವಾಗ ಅಲ್ಲಿ ಯಾರ ಪರಂಪರೆಯನ್ನು ಉಳಿಸಬೇಕು ಎಂಬುದು ಅವರ ಪ್ರಶ್ನೆ.

ಆ ಓದುಗರ ಮೇಲೆ ನನಗೆ ಸಿಟ್ಟಿಲ್ಲ. ದೂರದಿಂದ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ನಾನು ಆ ಗೋಡೆಯನ್ನು ಹತ್ತಿರದಿಂದ ಕಂಡವನು, ಕೈಯಿಂದ ಮುಟ್ಟಿದವನು. ಇಪ್ಪತ್ತಕ್ಕೂ ಹೆಚ್ಚು ವರ್ಷ ನ್ಯೂಯಾರ್ಕಿನ ಮ್ಯಾನ್‌ಹಾಟನ್‌ನಲ್ಲಿ ಹಳೆಯ ಕಲ್ಲುಗೋಡೆ, ಇಟ್ಟಿಗೆಗೋಡೆಗಳ ದುರಸ್ತಿಗೆ ಅಂದಾಜು ಹಾಕುವ ಕೆಲಸ ಮಾಡಿದ್ದೇನೆ. ಕಚೇರಿ ಇದ್ದದ್ದು ಆ ಚರ್ಚಿನಿಂದ ಐದು ನಿಮಿಷದ ನಡಿಗೆಯಲ್ಲಿ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಮ್ಯಾಡಿಸನ್ ಸ್ಕ್ವೇರ್ ಉದ್ಯಾನಕ್ಕೆ ಹೋಗುವಾಗ ದಿನವೂ ಅದರ ಮುಂದೆ ಹಾದು ಹೋಗುತ್ತಿದ್ದೆ. ಹೀಗಾಗಿ ಆ ಪ್ರಶ್ನೆಗೆ ಉತ್ತರಿಸುವ ಹೊಣೆ ನನ್ನದೂ ಹೌದು ಎಂದುಕೊಂಡು ಬರೆಯುತ್ತಿದ್ದೇನೆ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಸಹಿಸಿಕೊಳ್ಳಿ.

ಮೊದಲಿಗೆ ಕಟ್ಟಡದ ಕಥೆ. ಬ್ರಾಡ್‌ವೇಯಿಂದ ತುಸು ಪಶ್ಚಿಮಕ್ಕೆ, 25ನೇ ಬೀದಿಯಿಂದ 26ನೇ ಬೀದಿಯವರೆಗೂ ಉದ್ದಕ್ಕೆ ಚಾಚಿಕೊಂಡ ಕಂದು ಮರಳುಗಲ್ಲಿನ ಚರ್ಚು ಅದು. ವಾಲ್ ಸ್ಟ್ರೀಟ್ ಬಳಿಯ ಟ್ರಿನಿಟಿ ಚರ್ಚಿನ ಭಕ್ತರು ನಗರದ ಕೆಳಭಾಗ ಬಿಟ್ಟು ಉತ್ತರಕ್ಕೆ ಮನೆ ಬದಲಿಸಿದಾಗ ಅವರಿಗೋಸ್ಕರ ಕಟ್ಟಿಸಿದ್ದು, 1855ರಲ್ಲಿ ಮುಗಿಯಿತು. ವಾಸ್ತುಶಿಲ್ಪಿ ರಿಚರ್ಡ್ ಅಪ್‌ಜಾನ್. ಇಂಗ್ಲೆಂಡಿನಲ್ಲಿ ಹುಟ್ಟಿ, ಮರಗೆಲಸ ಕಲಿತು, 1829ರಲ್ಲಿ ಹೆಂಡತಿ ಮಕ್ಕಳೊಂದಿಗೆ ಅಮೆರಿಕಕ್ಕೆ ಬಂದವನು. ಮುಂದೆ ಇದೇ ಮನುಷ್ಯ ಅಮೆರಿಕದ ವಾಸ್ತುಶಿಲ್ಪಿಗಳ ಸಂಘದ ಮೊದಲ ಅಧ್ಯಕ್ಷನಾದ. ಅಂದರೆ ‘ಇಂಗ್ಲೆಂಡಿನ ಶೈಲಿ’ ಎಂದು ಆ ಓದುಗರು ಯಾವುದನ್ನು ಕರೆದರೋ ಅದನ್ನು ಗೀಚಿದ ಕೈಯೇ ವಲಸೆ ಬಂದವನದು. 1885ರಲ್ಲಿ ಕಾದಂಬರಿಕಾರ್ತಿ ಈಡಿತ್ ವಾರ್ಟನ್ ಅವರ ಮದುವೆ ನಡೆದದ್ದೂ ಇಲ್ಲಿಯೇ. ಆಗ ಅದು ಹಣವಂತರ ಬಡಾವಣೆ. ಆಮೇಲೆ ಅಂಗಡಿಗಳು, ಗೋದಾಮುಗಳು ಬಂದವು. ಹಣವಂತರು ಇನ್ನೂ ಉತ್ತರಕ್ಕೆ ಸರಿದರು. ಚರ್ಚಿಗೆ ಬರುವವರೇ ಕಡಿಮೆಯಾದರು.

ಸರ್ಬಿಯನ್ನರು ಅದನ್ನು ಕೊಂಡದ್ದು 1942ರಲ್ಲಿ. ಈ ಇಸವಿಯನ್ನು ಸುಮ್ಮನೆ ಓದಿ ಮುಂದೆ ಹೋಗಬಾರದು. ಹಿಂದಿನ ವರ್ಷ, 1941ರ ಏಪ್ರಿಲ್ 6ರಂದು ಬೆಲ್‌ಗ್ರೇಡ್ ಮೇಲೆ ಜರ್ಮನ್ ವಿಮಾನಗಳು ಬಾಂಬು ಸುರಿಸಿದ್ದವು. ಸರ್ಬಿಯದ ರಾಷ್ಟ್ರೀಯ ಗ್ರಂಥಾಲಯ ಆ ದಾಳಿಯಲ್ಲಿ ಸುಟ್ಟುಹೋಯಿತು. ಮೂರು ಲಕ್ಷಕ್ಕೂ ಹೆಚ್ಚು ಪುಸ್ತಕಗಳು, ನೂರಾರು ವರ್ಷಗಳ ಕೈಬರಹದ ಹೊತ್ತಗೆಗಳು ಬೂದಿಯಾದವು. ಅದೇ ನಗರದಲ್ಲಿ ಸಂತ ಸಾವಾನ ಹೆಸರಿನಲ್ಲಿ 1935ರಲ್ಲಿ ಆರಂಭವಾಗಿದ್ದ ದೊಡ್ಡ ದೇವಾಲಯದ ಕೆಲಸ ಯುದ್ಧದಿಂದ ನಿಂತಿತು. ಮತ್ತೆ ಶುರುವಾಗಲು 1985 ಬರಬೇಕಾಯಿತು. ತಾಯ್ನಾಡಿನಲ್ಲಿ ಹೀಗೆ ಉರಿಯುತ್ತಿರುವಾಗ, ಸಾಗರದ ಈಚೆ ದಡದಲ್ಲಿ ಗಣಿ, ಕಾರ್ಖಾನೆ, ಹಡಗುಕಟ್ಟೆಗಳಲ್ಲಿ ದುಡಿಯುತ್ತಿದ್ದ ಸಮುದಾಯವೊಂದು ಪರರು ಬಿಟ್ಟುಹೋದ ಚರ್ಚನ್ನು ಕೊಂಡು, 1944ರಲ್ಲಿ ಅದಕ್ಕೆ ಸಂತ ಸಾವಾನ ಹೆಸರಿಟ್ಟು ಪ್ರತಿಷ್ಠೆ ಮಾಡಿತು. ಅವರಿಗೆ ಅದು ಬರೀ ಕಟ್ಟಡವಾಗಿತ್ತೇ?

ಸಾವಾ ಯಾರೆಂದು ನಮ್ಮ ಓದುಗರಿಗೆ ಹೇಳಬೇಕು. ಆತ ರಾಜಕುಮಾರ, ಅರಮನೆ ಬಿಟ್ಟು ಸನ್ಯಾಸಿಯಾದವನು. 1219ರಲ್ಲಿ ಸರ್ಬಿಯನ್ ಚರ್ಚಿನ ಮೊದಲ ಆರ್ಚ್‌ಬಿಷಪ್ ಆದ. ಶಾಲೆಗಳಿಗೆ, ಅಕ್ಷರಕ್ಕೆ ಆತನೇ ಹಿರಿಯ; ಜನವರಿ 27ರಂದು ಮಕ್ಕಳು ಆತನ ಹಬ್ಬ ಮಾಡುತ್ತಾರೆ. 16ನೇ ಶತಮಾನದ ಕೊನೆಯಲ್ಲಿ ಆಟೋಮನ್ ಸೇನಾಪತಿ ಸಿನಾನ್ ಪಾಷಾ ಆತನ ಅಸ್ಥಿಗಳನ್ನು ಬೆಲ್‌ಗ್ರೇಡಿಗೆ ತರಿಸಿ ಬೆಂಕಿಗೆ ಹಾಕಿಸಿದ. ಬೆಲ್‌ಗ್ರೇಡಿನ ದೇವಾಲಯ ಎದ್ದಿರುವುದು ಆ ಬೆಂಕಿಯ ನೆನಪಿನಲ್ಲಿ, ವ್ರಾಚಾರ್ ಎಂಬ ಎತ್ತರದ ಜಾಗದಲ್ಲಿ. ಮ್ಯಾನ್‌ಹಾಟನ್ನಿನ ಚರ್ಚು ಉರಿದ ದಿನ ಹಳಬರು ಯಾಕೆ ಅಷ್ಟೊಂದು ನೊಂದುಕೊಂಡರು ಎಂಬುದು ಇದನ್ನು ತಿಳಿದವರಿಗೆ ಅರ್ಥವಾಗುತ್ತದೆ.

ನಾನು ಮೊದಲ ಸಲ ಆ ಗೋಡೆಯನ್ನು ಮುಟ್ಟಿದ್ದು 1996ರ ಚಳಿಗಾಲದಲ್ಲಿ. ಕಂದು ಮರಳುಗಲ್ಲಿಗೆ ಒಂದು ಕೆಟ್ಟ ಗುಣವಿದೆ. ಅದು ನೆಲದೊಳಗೆ ಪದರ ಪದರವಾಗಿ ಬೆಳೆದ ಕಲ್ಲು. ಪದರಗಳು ಅಡ್ಡಕ್ಕೆ ಮಲಗಿರುವಂತೆ ಕೂರಿಸಿದರೆ ನೂರಾರು ವರ್ಷ ಬಾಳುತ್ತದೆ. ಪದರ ಹೊರಮುಖವಾಗಿ ನಿಲ್ಲುವಂತೆ ಕೂರಿಸಿದರೆ ಮಳೆನೀರು ಒಳಸೇರಿ, ಚಳಿಗೆ ಹೆಪ್ಪುಗಟ್ಟಿ ಉಬ್ಬಿ, ಈರುಳ್ಳಿ ಸಿಪ್ಪೆಯಂತೆ ಏಳತೊಡಗುತ್ತದೆ. ಈ ನಗರದ ಎಷ್ಟೋ ಹಳೆಯ ಮನೆಗಳ ಮುಖ ಹಾಗೆಯೇ ಉದುರಿದೆ. ಆ ಮಧ್ಯಾಹ್ನ ಬಾಗಿಲ ಪಕ್ಕದ ಒಂದು ಕಲ್ಲಿನ ಮೇಲೆ ಉಗುರು ಆಡಿಸಿದೆ. ಅಂಗೈ ಅಗಲದ ಚಕ್ಕೆಯೊಂದು ಕೈಗೆ ಬಂತು. ಹೊರಮೈ ಹೊಗೆ ಹಿಡಿದು ಕಪ್ಪು. ಒಳಮೈ ಮಾತ್ರ ಹೊಸದಾಗಿ ಉತ್ತ ಹೊಲದ ಹಾಗೆ ಕೆಂಪು, ಸಣ್ಣ ಮಿಣುಕು ಅಭ್ರಕದ ಚೂರುಗಳು.

ಅಷ್ಟರಲ್ಲಿ ಮೆಟ್ಟಿಲು ಗುಡಿಸುತ್ತಿದ್ದ ಮುದುಕಿಯೊಬ್ಬರು ಬಂದು, “ಏನು ತೆಗೆದೆ ಮಗನೇ?” ಎಂದರು. ಎಪ್ಪತ್ತರ ವಯಸ್ಸು, ತಲೆಗೆ ಕರಿ ಬಟ್ಟೆ. ಅಲ್ಲಿ ಎಲ್ಲರೂ ಅವರನ್ನು ‘ಬಾಬಾ’ ಎನ್ನುತ್ತಿದ್ದರು. ಸರ್ಬಿಯನ್ ಭಾಷೆಯಲ್ಲಿ ಹಾಗೆಂದರೆ ಅಜ್ಜಿ. ನಾನು ತಪ್ಪು ಮಾಡಿದವನಂತೆ ಚಕ್ಕೆ ತೋರಿಸಿ, ಕಲ್ಲು ಏಕೆ ಏಳುತ್ತಿದೆ ಎಂದು ವಿವರಿಸಲು ಹೋದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನನ್ನ ಕೈಯಿಂದ ಚಕ್ಕೆಯನ್ನು ತೆಗೆದುಕೊಂಡು ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. “ಇದು ನಮ್ಮದು” ಎಂದರು. ಗದರಿಸುವ ದನಿ ಅಲ್ಲ. ಮಗುವಿನ ಕೈಯಿಂದ ಕತ್ತರಿ ಬಿಡಿಸಿಕೊಳ್ಳುವವರ ದನಿ.

ಯಾರ ಪರಂಪರೆ ಎಂದು ಕೇಳಿದ ಓದುಗರಿಗೆ ನನ್ನ ಮೊದಲ ಉತ್ತರ ಆ ಜೇಬು.

ಅಜ್ಜಿ 1950ರಲ್ಲಿ ಜರ್ಮನಿಯ ನಿರಾಶ್ರಿತರ ಶಿಬಿರದಿಂದ ಬಂದವರು. ಮಹಾಯುದ್ಧ ಮುಗಿದ ಮೇಲೆ ಊರಿಗೆ ಮರಳಲಾಗದೆ ಶಿಬಿರಗಳಲ್ಲಿ ಉಳಿದಿದ್ದ ಯೂರೋಪಿನ ಜನರಿಗೆ ಅಮೆರಿಕ 1948ರಲ್ಲಿ ಒಂದು ಕಾನೂನು ಮಾಡಿ ಬಾಗಿಲು ತೆರೆದಿತ್ತು. ಆ ಬಾಗಿಲಿನಲ್ಲಿ ಬಂದವರಿಗೆ ಮೊದಲು ಸಿಕ್ಕ ಪರಿಚಯದ ಮುಖ ಈ ಚರ್ಚು. ಕೆಲಸ ಎಲ್ಲಿ ಸಿಗುತ್ತದೆ, ಬಾಡಿಗೆ ಕೋಣೆ ಎಲ್ಲಿದೆ, ಊರಿನಿಂದ ಯಾರಿಗೆ ಕಾಗದ ಬಂದಿದೆ ಎಂಬುದೆಲ್ಲ ಪ್ರಾರ್ಥನೆ ಮುಗಿದ ಮೇಲೆ ಪಕ್ಕದ ಸಭಾಂಗಣದಲ್ಲಿ ಕಾಫಿ ಕುಡಿಯುತ್ತ ಗೊತ್ತಾಗುತ್ತಿತ್ತಂತೆ. ಆ ಸಭಾಂಗಣವಿರುವ ಕಟ್ಟಡ ಹಿಂದೆ ಟ್ರಿನಿಟಿ ಚಾಪೆಲ್ಲಿನ ಶಾಲೆ; ಜೇಕಬ್ ರೇ ಮೌಲ್ಡ್ ಎಂಬ ಮತ್ತೊಬ್ಬ ಇಂಗ್ಲೆಂಡ್ ಮೂಲದವನ ಕೆಲಸ. ಬೇರೆ ಬೇರೆ ಬಣ್ಣದ ಕಲ್ಲುಗಳನ್ನು ಪಟ್ಟಿಪಟ್ಟಿಯಾಗಿ ಜೋಡಿಸಿದ ಸೊಗಸಾದ ಮುಖ.

ಅಲ್ಲಿಂದ ಎರಡು ಬೀದಿ ಆಚೆ, 27ನೇ ಬೀದಿಯಲ್ಲಿ, 1890ರ ದಶಕದಲ್ಲಿ ಸರ್ಬಿಯನ್ ಮೂಲದ ವಿಜ್ಞಾನಿ ನಿಕೊಲಾ ಟೆಸ್ಲಾ ವಾಸವಿದ್ದ ಹೋಟೆಲಿನ ಕಟ್ಟಡ ಇಂದಿಗೂ ಇದೆ. ಆತ ತೀರಿಕೊಂಡದ್ದು 1943ರ ಜನವರಿ 7ರಂದು. ಸರ್ಬಿಯನ್ ಚರ್ಚು ಹಳೆಯ ಪಂಚಾಂಗ ಅನುಸರಿಸುವುದರಿಂದ ಅಂದು ಅವರಿಗೆ ಕ್ರಿಸ್‌ಮಸ್. ಚರ್ಚಿನ ಹೊರಗೆ ಟೆಸ್ಲಾನ ಎದೆಮಟ್ಟದ ಪ್ರತಿಮೆ ಇದೆ. ಜಗತ್ತಿಗೆಲ್ಲ ವಿಜ್ಞಾನಿ, ಆ ಮೆಟ್ಟಿಲ ಬಳಿ ಮಾತ್ರ ಒಬ್ಬ ಪಾದ್ರಿಯ ಮಗ, ಊರಿನ ಹುಡುಗ.

ಒಳಗೆ ಹೋದರೆ ಮೊದಲು ಮೂಗಿಗೆ ಬರುತ್ತಿದ್ದುದು ಜೇನುಮೇಣದ ವಾಸನೆ. ಮೇಣದಬತ್ತಿ ಹಚ್ಚುವುದಕ್ಕೆ ಅವರಲ್ಲಿ ಎರಡು ಜಾಗ. ಮೇಲಿನದು ಬದುಕಿರುವವರಿಗೆ, ಕೆಳಗಿನದು ತೀರಿಕೊಂಡವರಿಗೆ. ಮರಳು ತುಂಬಿದ ತಟ್ಟೆಯಲ್ಲಿ ತೆಳ್ಳನೆಯ ಹಳದಿ ಬತ್ತಿಗಳನ್ನು ನೆಡುತ್ತಾರೆ. 1999ರ ವಸಂತದಲ್ಲಿ, ಅವರ ದೇಶದ ಮೇಲೆ 78 ದಿನ ನ್ಯಾಟೊ ಪಡೆಗಳ ಬಾಂಬು ಬೀಳುತ್ತಿದ್ದಾಗ, ಒಂದು ಸಂಜೆ ಕೆಲಸ ಮುಗಿಸಿ ಒಳಗೆ ಹೋಗಿದ್ದೆ. ಜನ ಮಾತಾಡುತ್ತಿರಲಿಲ್ಲ. ಮೇಲಿನ ತಟ್ಟೆಯಲ್ಲಿ ಒಂದು ಬತ್ತಿ ನೆಡಲು ಸಹ ಜಾಗ ಇರಲಿಲ್ಲ. ಫೋನು ಸಿಗದ ಅಣ್ಣ, ಅಕ್ಕ, ತಾಯಿ ಇನ್ನೂ ಮೇಲಿನ ತಟ್ಟೆಯಲ್ಲೇ ಇರಲಿ ಎಂದು ಒಬ್ಬೊಬ್ಬರೂ ಬಂದು ಹಚ್ಚಿ ಹೋಗುತ್ತಿದ್ದರು. ಆ ಯುದ್ಧದ ಸರಿತಪ್ಪು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಅಂತಹ ಹೊತ್ತಿನಲ್ಲಿ ಹೋಗಿ ನಿಲ್ಲಲು ಒಂದು ಸೂರು ಇರುವುದು ಎಂದರೇನು ಎಂಬುದನ್ನು ಅಂದು ನೋಡಿದೆ, ಅಷ್ಟೇ.

2016ರ ಮೇ 1, ಭಾನುವಾರ. ಅವರ ಈಸ್ಟರ್. ಅಜ್ಜಿ ಕರೆದಿದ್ದರಿಂದ ಬೆಳಿಗ್ಗೆ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ತೊಂಬತ್ತರ ಹತ್ತಿರ ಬಂದಿದ್ದ ಅವರನ್ನು ಮೊಮ್ಮಗ ಗಾಲಿಕುರ್ಚಿಯಲ್ಲಿ ತಂದಿದ್ದ. “ಕ್ರಿಸ್ತೋಸ್ ವಾಸ್ಕ್ರ್‌ಸೆ” ಎಂದರೆ “ವಾಯಿಸ್ತಿನು ವಾಸ್ಕ್ರ್‌ಸೆ” ಎನ್ನಬೇಕು: ಕ್ರಿಸ್ತ ಎದ್ದ, ನಿಜವಾಗಿಯೂ ಎದ್ದ. ಅಜ್ಜಿ ಕರವಸ್ತ್ರದ ಗಂಟು ಬಿಚ್ಚಿ ನನ್ನ ಹೆಂಡತಿಯ ಕೈಗೆ ಒಂದು ಕೆಂಪು ಮೊಟ್ಟೆ ಇಟ್ಟರು. ಈರುಳ್ಳಿ ಸಿಪ್ಪೆ ಹಾಕಿ ಕುದಿಸಿ ಬಣ್ಣ ಬರಿಸಿದ್ದು. ಬಣ್ಣ ಹಾಕಿದ ಮೊದಲ ಮೊಟ್ಟೆಯನ್ನು ಅವರು ತಿನ್ನುವುದಿಲ್ಲ. ಮುಂದಿನ ಈಸ್ಟರ್ ತನಕ ದೇವರ ಪಟದ ಬಳಿ ಇಡುತ್ತಾರೆ. ಅದಕ್ಕೆ ‘ಚುವಾರ್ಕುಚಾ’ ಎಂದು ಹೆಸರು. ಮನೆ ಕಾಯುವುದು ಎಂದರ್ಥ. “ನಿಮ್ಮ ಮನೆಗೂ ಒಂದಿರಲಿ ಮಗಳೇ” ಎಂದರು.

ಸಂಜೆ ಏಳು ಗಂಟೆಗೆ ಮುಂಚೆ ಚಾವಣಿಗೆ ಬೆಂಕಿ ಬಿದ್ದಿತ್ತು. ನಾವು ಜರ್ಸಿ ಸಿಟಿಯ ಮನೆಯಲ್ಲಿ ಟಿವಿಯ ಮುಂದೆ ನಿಂತು ನೋಡಿದೆವು. 1850ರ ದಶಕದ ಮರದ ತೊಲೆಗಳು, ಜಂತೆಗಳು; ಒಣಗಿ ಒಣಗಿ ಸೌದೆಯಾಗಿದ್ದವು. ನೂರಕ್ಕೂ ಹೆಚ್ಚು ಅಗ್ನಿಶಾಮಕ ಸಿಬ್ಬಂದಿ ಹೋರಾಡಿದರೂ ಚಾವಣಿ ಇಡಿಯಾಗಿ ಕುಸಿಯಿತು. ಬೆಳಗಿನ ನೂರಾರು ಜನ ಆಗಲೇ ಮನೆಗೆ ಹೋಗಿದ್ದರಿಂದ ಒಂದು ಜೀವವೂ ಹೋಗಲಿಲ್ಲ. ಹಬ್ಬದ ದಿನವೇ ಹೀಗಾಯಿತಲ್ಲ ಎಂದು ಏನೇನೋ ಗುಲ್ಲೆದ್ದಿತು. ತನಿಖೆ ಮಾಡಿದ ಅಗ್ನಿಶಾಮಕ ಇಲಾಖೆ, ಪೂರ್ತಿ ಆರದ ಮೇಣದಬತ್ತಿಗಳಿಂದ ಆದ ಅವಘಡ ಎಂದು ಹೇಳಿತು. ಬದುಕಿರುವವರಿಗಾಗಿ, ಸತ್ತವರಿಗಾಗಿ ಹಚ್ಚಿದ ಅವೇ ಬತ್ತಿಗಳು. ಆ ವರದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಮರುದಿನ ಕೆಲಸಕ್ಕೆ ಹೋದವನು ನೇರ 25ನೇ ಬೀದಿಗೆ ಹೋದೆ. ಪೊಲೀಸರು ಪಟ್ಟಿ ಕಟ್ಟಿದ್ದರು. ಚರಂಡಿಯಲ್ಲಿ ಕರಿನೀರು ಹರಿಯುತ್ತಿತ್ತು. ಈಟಿಮೊನೆಯಂತಹ ಕಿಟಕಿಗಳ ಮೂಲಕ ಯಾವತ್ತೂ ಕಾಣಿಸದ ವಸ್ತು ಕಾಣಿಸುತ್ತಿತ್ತು: ಆಕಾಶ. ಕೆತ್ತನೆಯ ಮರದ ತೆರೆ, ಅದರ ತುಂಬ ಇದ್ದ ಸಂತರ ಚಿತ್ರಗಳು ಇರಲಿಲ್ಲ. ಗೋಡೆಗಳು ನಿಂತಿದ್ದವು. ಸುತ್ತ ನಿಂತವರು ಅಳುತ್ತಿದ್ದರು. ನಾನು ಮಾತ್ರ ಕತ್ತೆತ್ತಿ ಗೋಡೆಯ ತಲೆಯನ್ನೇ ನೋಡುತ್ತಿದ್ದೆ. ಇದು ವೃತ್ತಿಯ ಚಟ. ಆದರೆ ಇಂತಹ ಕಟ್ಟಡ ಉಳಿಯುವುದೂ ಅಳಿಯುವುದೂ ಬೆಂಕಿಯ ನಂತರದ ಮೊದಲ ತಿಂಗಳುಗಳಲ್ಲಿ ಎಂಬುದನ್ನು ಓದುಗರು ತಿಳಿಯಬೇಕು.

ಚಾವಣಿ ಬರೀ ಮಳೆ ತಡೆಯುವುದಿಲ್ಲ. ಎರಡು ಉದ್ದನೆಯ ಗೋಡೆಗಳ ತಲೆಯನ್ನು ಹಿಡಿದು ಕಟ್ಟಿ ನಿಲ್ಲಿಸುವುದು ಅದೇ. ಅದು ಹೋದರೆ ಗೋಡೆಗಳು ಒಂಟಿಯಾಗಿ ಗಾಳಿಗೆ ಎದೆಯೊಡ್ಡಬೇಕು. ಮೊದಲು ಉಕ್ಕಿನ ಆನಿಕೆ ಕೊಡಬೇಕು. ಎರಡನೆಯದು ನೀರು. ಬೆಂಕಿ ಆರಿಸಲು ಹರಿಸಿದ ನೀರೆಲ್ಲ ಗೋಡೆಯ ಹೊಟ್ಟೆಯೊಳಗೆ ಇಳಿದಿರುತ್ತದೆ. ಎರಡು ಮುಖದ ಕಲ್ಲುಗಳ ನಡುವೆ ತುಂಬಿದ ಚೂರುಕಲ್ಲು, ಸುಣ್ಣದ ಗಾರೆ ಆ ನೀರನ್ನು ಕುಡಿದು ಕುಳಿತಿರುತ್ತದೆ. ಗೋಡೆಯ ತಲೆಗೆ ಹೊದಿಕೆ ಹಾಕದೆ ಚಳಿಗಾಲ ಕಳೆದರೆ ಒಳಗಿನ ನೀರು ಹೆಪ್ಪುಗಟ್ಟಿ ಗೋಡೆಯನ್ನು ಒಳಗಿನಿಂದಲೇ ಸೀಳುತ್ತದೆ. ಮೂರನೆಯದು ಕಲ್ಲಿನ ಬಣ್ಣ. ಮರಳುಗಲ್ಲಿನಲ್ಲಿರುವ ಕಬ್ಬಿಣದ ಅಂಶ ಮುನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಕೆಂಪಗಾಗುತ್ತದೆ. ಎಲ್ಲೆಲ್ಲಿ ಕೆಂಪು, ಎಷ್ಟು ಆಳ ಕೆಂಪು ಎಂದು ನೋಡಿದರೆ ಯಾವ ಕಲ್ಲು ಉಳಿಯುತ್ತದೆ, ಯಾವುದನ್ನು ಬದಲಿಸಬೇಕು ಎಂದು ತಿಳಿಯುತ್ತದೆ. ಸಂದು ತುಂಬುವಾಗ ಸಿಮೆಂಟು ಬಳಸಿದರೆ ಕೆಲಸ ಕೆಟ್ಟಿತು. ಸಿಮೆಂಟು ಕಲ್ಲಿಗಿಂತ ಗಟ್ಟಿ, ನೀರನ್ನು ಹೊರಬಿಡುವುದಿಲ್ಲ, ಕಲ್ಲೇ ಒಡೆಯಬೇಕಾಗುತ್ತದೆ. ಸುಣ್ಣದ ಗಾರೆಯೇ ಆಗಬೇಕು. ಇವೆಲ್ಲವೂ ನಿಧಾನದ, ದುಬಾರಿ ಕೆಲಸಗಳು. ಹೊರಗಿನಿಂದ ನೋಡುವವರಿಗೆ ವರ್ಷಗಟ್ಟಲೆ ಸಾರವೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ನೋತ್ರ್ ದಾಮ್‌ಗೂ ಇದೇ ಕೆಲಸಗಳನ್ನು ಮಾಡಿದರು. 2019ರ ಏಪ್ರಿಲ್ 15ರಂದು ಸುಟ್ಟದ್ದು 2024ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. ಸುಮಾರು 3,40,000 ಜನ ಕೊಟ್ಟ ಸುಮಾರು 84 ಕೋಟಿ ಯೂರೋ ಅದರ ಬೆನ್ನಿಗಿತ್ತು. ಒಂದು ಸರ್ಕಾರವೇ ನಿಂತು ಕೆಲಸ ಮಾಡಿಸಿತು. ಅದು ಆಗಬೇಕಾದದ್ದೇ, ನನಗೂ ಸಂತೋಷವೇ. ಆದರೆ ಚಿಕ್ಕ ವಲಸೆ ಸಮುದಾಯದ ಚರ್ಚಿಗೆ ಬೆನ್ನಿಗೆ ನಿಲ್ಲುವವರು ಯಾರು? ಮ್ಯಾನ್‌ಹಾಟನ್ನಿನಲ್ಲೇ 2001ರ ಸೆಪ್ಟೆಂಬರ್ 11ರಂದು ಗೋಪುರಗಳು ಬಿದ್ದಾಗ ನುಚ್ಚುನೂರಾದ ಗ್ರೀಕರ ಸೇಂಟ್ ನಿಕೋಲಸ್ ಚರ್ಚು ಮತ್ತೆ ಪ್ರತಿಷ್ಠೆಯಾದದ್ದು 2022ರಲ್ಲಿ. ಗ್ರೀಕರು ಇಲ್ಲಿ ದೊಡ್ಡ ಸಮುದಾಯ, ಅನುಕೂಲಸ್ಥರು. ಅವರಿಗೇ 21 ವರ್ಷ ಬೇಕಾಯಿತು.

ಸಂರಕ್ಷಿತ ಕಟ್ಟಡವಲ್ಲವೇ, ನಗರಾಡಳಿತ ನೋಡಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. 1963ರಲ್ಲಿ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವಲು ಶುರುಮಾಡಿದಾಗ ಜನ ರೊಚ್ಚಿಗೆದ್ದರು. 1965ರಲ್ಲಿ ನ್ಯೂಯಾರ್ಕಿಗೆ ಚಾರಿತ್ರಿಕ ಕಟ್ಟಡಗಳ ಕಾನೂನು ಬಂತು. ಈ ಚರ್ಚು 1968ರಲ್ಲಿಯೇ ಆ ಪಟ್ಟಿ ಸೇರಿತು, 1982ರಲ್ಲಿ ರಾಷ್ಟ್ರೀಯ ಪಟ್ಟಿಗೂ ಸೇರಿತು. ಆದರೆ ಪಟ್ಟಿಗೆ ಸೇರಿದರೆ ಹೊರಮುಖವನ್ನು ಅನುಮತಿಯಿಲ್ಲದೆ ಬದಲಿಸುವಂತಿಲ್ಲ, ಕೆಡವುವಂತಿಲ್ಲ ಎಂದರ್ಥವೇ ಹೊರತು ದುರಸ್ತಿಯ ಖರ್ಚು ನಗರದ್ದು ಎಂದಲ್ಲ. ಅದಕ್ಕಿಂತ ಮುಖ್ಯವಾದ ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಈ ನಗರದ ಕಾನೂನಿನಲ್ಲಿ ಪೂಜಾಸ್ಥಳಗಳ ಒಳಾಂಗಣವನ್ನು ಸಂರಕ್ಷಿತ ಎಂದು ಘೋಷಿಸಲು ಅವಕಾಶವೇ ಇಲ್ಲ. ಹೊರಗಿನ ಕಲ್ಲಿಗೆ ಸರ್ಕಾರದ ಕಾವಲು. ಒಳಗಿನದಕ್ಕೆ ಅಲ್ಲಿ ಬರುವ ಜನರೇ ಕಾವಲು. ಇನ್ನೂ ಒಂದು ಮಾತು. ಆರು ಮಹಡಿಗಿಂತ ಎತ್ತರದ ಕಟ್ಟಡಗಳ ಹೊರಗೋಡೆಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು 1998ರ ಸ್ಥಳೀಯ ಕಾನೂನು ಹೇಳಿತು. ನನ್ನ ಅನ್ನ ನಡೆದದ್ದೇ ಅದರಿಂದ. ತಗ್ಗು ಕಟ್ಟಡಗಳಿಗೆ ಆ ಕಡ್ಡಾಯವಿಲ್ಲ. ಚಾವಣಿಯಂಚಿನ ತಗಡಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡಿದೆಯೇ, ಮಳೆನೀರು ಗೋಡೆಗೆ ಇಳಿಯುತ್ತಿದೆಯೇ ಎಂದು ನೋಡಬೇಕಾದವರು ಮೆಟ್ಟಿಲು ಗುಡಿಸುವ ಅಜ್ಜಿಯಂಥವರೇ. ಅವರು ನೋಡಿದರು ಕೂಡ. 1942ರಿಂದ 2016ರವರೆಗೆ ಆ ಸೂರು ಅಲ್ಲಿ ಇದ್ದದ್ದು ಅವರಿಂದ. ಅವರು ಕೊಳ್ಳದೇ ಹೋಗಿದ್ದರೆ ಮುಂದೆ ಪಟ್ಟಿಗೆ ಸೇರಿಸಲು ಅಪ್‌ಜಾನ್‌ನ ಕಟ್ಟಡ ಅಲ್ಲಿ ಇರುತ್ತಿತ್ತೇ ಎಂಬ ಅನುಮಾನ ನನಗಿದೆ. ಅದೇ ಬಡಾವಣೆಯಲ್ಲಿ ಅದರ ಓರಗೆಯ ಎಷ್ಟೋ ಕಟ್ಟಡಗಳು ಈಗ ಇಲ್ಲ.

ಸರ್ಬಿಯನ್ನರು ತಾವೇ ಕಟ್ಟಿದ್ದನ್ನೂ ಹೀಗೆಯೇ ಕಾಪಾಡಿಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದ ಜ್ಯಾಕ್ಸನ್ ಎಂಬ ಚಿನ್ನದ ಗಣಿಯ ಊರಿನಲ್ಲಿ 1894ರಲ್ಲಿ ಅವರು ಕಟ್ಟಿದ ಪುಟ್ಟ ಮರದ ಚರ್ಚು ಈ ದೇಶದ ಮೊದಲ ಸರ್ಬಿಯನ್ ಚರ್ಚು. ಅದಕ್ಕೂ ಸಾವಾನದೇ ಹೆಸರು. ಮಗಳ ಮನೆಗೆ ಹೋದಾಗ ಒಮ್ಮೆ ನೋಡಿ ಬಂದೆ. ಬಿಳಿ ಬಣ್ಣ ಬಳಿದ ಹಲಗೆಗಳು, ಸುತ್ತ ಗೋರಿಗಳು. 1922ರಲ್ಲಿ ಅಲ್ಲಿನ ಆರ್ಗೊನಾಟ್ ಗಣಿಯೊಳಗೆ ಬೆಂಕಿ ಬಿದ್ದು 47 ಕಾರ್ಮಿಕರು ಸತ್ತರು. ಅವರಲ್ಲಿ ಸರ್ಬಿಯನ್ನರೂ ಇದ್ದರು. ಆ ಹಲಗೆಗೋಡೆಗೂ 25ನೇ ಬೀದಿಯ ಗಾಥಿಕ್ ಕಮಾನಿಗೂ ಶೈಲಿಯಲ್ಲಿ ಯಾವ ನಂಟೂ ಇಲ್ಲ. ಮೇಣದಬತ್ತಿಯ ತಟ್ಟೆ ಮಾತ್ರ ಎರಡೂ ಕಡೆ ಒಂದೇ.

ಅವರಲ್ಲಿ ‘ಸ್ಲಾವಾ’ ಎಂಬ ಆಚರಣೆಯಿದೆ. ನಮ್ಮಲ್ಲಿ ಮನೆದೇವರು ಎನ್ನುತ್ತೇವಲ್ಲ, ಹಾಗೆ ಪ್ರತಿ ಕುಟುಂಬಕ್ಕೂ ಒಬ್ಬ ಸಂತ. ತಂದೆಯಿಂದ ಮಗನಿಗೆ ಬರುತ್ತದೆ. ವರ್ಷಕ್ಕೊಮ್ಮೆ ಬೇಯಿಸಿದ ಗೋಧಿ, ಅಲಂಕಾರದ ರೊಟ್ಟಿ, ವೈನ್, ಒಂದು ದೊಡ್ಡ ಮೇಣದಬತ್ತಿ ಇಟ್ಟು ಮಾಡುತ್ತಾರೆ. 2014ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆ ಬದಲಾದರೂ ಸಂತ ಬದಲಾಗುವುದಿಲ್ಲ. ಸಂತ ಬಂದು ನಿಂತ ಮನೆ ಯಾರು ಕಟ್ಟಿದ್ದೇ ಆಗಿರಲಿ, ಅದು ಅವನದಾಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಅಜ್ಜಿಯ ಮೊಮ್ಮಗ.

ಬೆಂಕಿಯಾದ ಎರಡು ವಾರಕ್ಕೆ ಕ್ವೀನ್ಸ್‌ನ ಅವರ ಮನೆಗೆ ಹೋಗಿದ್ದೆ. ಮನೆಯವರು ಅಜ್ಜಿಗೆ ಟಿವಿ ತೋರಿಸಿರಲಿಲ್ಲ, ಆದರೂ ಅವರಿಗೆ ಗೊತ್ತಿತ್ತು. ಸಮಾಧಾನ ಹೇಳಬೇಕೆಂದು ಏನೇನೋ ಮಾತು ಜೋಡಿಸಿಕೊಂಡು ಹೋಗಿದ್ದವನಿಗೆ ಬಾಯಿ ತೆರೆಯಲು ಬಿಡದೆ, “ಗೋಡೆ ನಿಂತಿದೆಯೇ?” ಎಂದು ಕೇಳಿದರು. ನಿಂತಿದೆ ಎಂದೆ. “ನೀನು ನೋಡಿದೆಯಾ, ಇಲ್ಲ ಯಾರಾದರೂ ಹೇಳಿದರೋ?” ನಾನೇ ನೋಡಿದೆ ಅಜ್ಜಿ, ನಾಲ್ಕೂ ಕಡೆ ನಿಂತಿದೆ ಎಂದೆ. ಅವರು ತಲೆಯಾಡಿಸಿ ಮೊಮ್ಮಗನಿಗೆ ಸರ್ಬಿಯನ್ನಿನಲ್ಲಿ ಏನೋ ಹೇಳಿದರು. ಕಾಫಿ ಬಂತು.

ಸಮುದಾಯ ಅಂದಿನಿಂದ ಪಕ್ಕದ ಸಭಾಂಗಣದಲ್ಲಿ ಪ್ರಾರ್ಥನೆ ಮುಂದುವರಿಸಿತು. ಹಿಂದೆ ನಿರಾಶ್ರಿತರು ಕಾಫಿ ಕುಡಿಯುತ್ತಿದ್ದ ಅದೇ ಸಭಾಂಗಣ. ಆ ಬಡಾವಣೆಯ ಜಾಗಕ್ಕೆ ಈಗ ಎಂಥ ಬೆಲೆ ಎಂಬುದನ್ನು ಸುತ್ತಲೂ ಏಳುತ್ತಿರುವ ಗಾಜಿನ ಗೋಪುರಗಳೇ ಹೇಳುತ್ತವೆ. ಅಂತಹ ಕಡೆ ಸುಟ್ಟ ಗೋಡೆಗಳನ್ನು ಬಿಡದೆ ಹಿಡಿದುಕೊಂಡಿರುವುದು ಸಣ್ಣ ಕೆಲಸವಲ್ಲ.

ನನ್ನ ಕೋರಿಕೆಗಳು ದೊಡ್ಡವೇನಲ್ಲ. ನ್ಯೂಯಾರ್ಕ್, ನ್ಯೂಜರ್ಸಿಯಲ್ಲಿರುವ ಕನ್ನಡಿಗರು 23ನೇ ಬೀದಿಯ ನಿಲ್ದಾಣದಲ್ಲಿ ಇಳಿದಾಗ ಎರಡು ಬೀದಿ ನಡೆದು ಒಮ್ಮೆ ನೋಡಿ ಬರಲಿ. ಕೈಲಾದದ್ದನ್ನು ಕೊಟ್ಟು ಬರಲಿ. ಧಾರ್ಮಿಕ ಕಟ್ಟಡಗಳ ದುರಸ್ತಿಗೆಂದೇ ನ್ಯೂಯಾರ್ಕ್ ಲ್ಯಾಂಡ್‌ಮಾರ್ಕ್ಸ್ ಕನ್ಸರ್ವೆನ್ಸಿ ಎಂಬ ಖಾಸಗಿ ಸಂಸ್ಥೆ 1986ರಿಂದ ಒಂದು ನಿಧಿ ನಡೆಸುತ್ತಿದೆ, ಅದು ಯಾವ ಮತವೆಂದು ನೋಡದೆ ಕೊಡುತ್ತದೆ. ಕಲ್ಲು, ಗಾರೆ, ಚಾವಣಿಯ ಕೆಲಸ ಬಲ್ಲ ನನ್ನಂತಹ ನಿವೃತ್ತರು ಇಂತಹ ಕಡೆ ತಮ್ಮ ಸಮಯ ಕೊಡಲಿ. ಮತ್ತೆ ಕಟ್ಟುವ ವಿಷಯದಲ್ಲಿ 1855ರಲ್ಲಿ ಇದ್ದಂತೆಯೇ ಎಂಬ ಹಟ ಬೇಡ. ಹೊರಗೆ ಅಪ್‌ಜಾನ್‌ನ ಕಲ್ಲು ಇರಲಿ. ಒಳಗೆ ಯಾವ ಸಂತರ ಚಿತ್ರ, ಯಾವ ಕೆತ್ತನೆ, ಬತ್ತಿಯ ತಟ್ಟೆ ಎಲ್ಲಿ ಎಂಬುದನ್ನು ಅಲ್ಲಿ ನಿಂತು ಪ್ರಾರ್ಥಿಸುವವರೇ ಹೇಳಬೇಕು.

ಆ ಕೆಂಪು ಮೊಟ್ಟೆ ನಮ್ಮ ದೇವರ ಮನೆಯಲ್ಲಿ ಇನ್ನೂ ಇದೆ. ವರ್ಷ ತುಂಬಿದ ಮೇಲೆ ಬದಲಿಸಬೇಕಿತ್ತು, ನನ್ನ ಹೆಂಡತಿಗೆ ಮನಸ್ಸಾಗಲಿಲ್ಲ. ಈಗ ಹತ್ತಿಯಂತೆ ಹಗುರ. ಮೆಲ್ಲನೆ ಅಲುಗಿಸಿದರೆ ಒಣಗಿ ಗೋಲಿಯಾದ ಹಳದಿ ಒಳಗೆ ಉರುಳುವುದು ಕೇಳಿಸುತ್ತದೆ.

ಕೊನೆಯದಾಗಿ ತಮ್ಮಲ್ಲಿ ಒಂದು ತಿದ್ದುಪಡಿಯ ಬಿನ್ನಹ. ಮುಂದೆ ಆ ಚಿತ್ರವನ್ನು ಅಚ್ಚು ಹಾಕುವಾಗ ಅಡಿಬರಹವನ್ನು ದಯವಿಟ್ಟು ಹೀಗೆ ಬದಲಿಸಿ: ‘ಸಂತ ಸಾವಾ ಸರ್ಬಿಯನ್ ಆರ್ಥೊಡಾಕ್ಸ್ ಕೆಥೀಡ್ರಲ್, 25ನೇ ಬೀದಿ, ನ್ಯೂಯಾರ್ಕ್. 1944ರವರೆಗೆ ಟ್ರಿನಿಟಿ ಚಾಪೆಲ್.’

ತಮ್ಮ ವಿಶ್ವಾಸಿ,
ಕಲ್ಲುಗೋಡೆ ದುರಸ್ತಿ ವಿಭಾಗದ ನಿವೃತ್ತ ಅಂದಾಜುಗಾರ,
ಜರ್ಸಿ ಸಿಟಿ